ತಾಮ್ರದ ಹಳೆಯ ಪೈಪಿನಿಂದ ಒಂದು ಜೊತೆ ಕಿವಿಯೋಲೆ

ತೆರೆಯ ಮೇಲೆ ಈಗ ಕಾಣುತ್ತಿರುವುದು ಗುಜರಿಗೆ ಬಿದ್ದಿದ್ದ ತಾಮ್ರದ ನೀರಿನ ಪೈಪು. ಇದರಿಂದ ಒಂದು ಜೊತೆ ಕಿವಿಯೋಲೆ ಆಗಬೇಕು. ಉದ್ದಕ್ಕೆ ಸೀಳುವುದನ್ನೂ ಬಿಡಿಸಿ ತಗಡು ಮಾಡುವುದನ್ನೂ ನೀವೇ ನೋಡಲಿದ್ದೀರಿ, ಅದನ್ನು ವಿವರಿಸುವುದಿಲ್ಲ. ನನ್ನ ತಕರಾರು ಇರುವುದು ಪೈಪಿನ ತುದಿಗೆ ಬೂದು ಬಣ್ಣದ ಬಳೆಯಂತೆ ಅಂಟಿಕೊಂಡಿರುವ ಹಳೆಯ ಬೆಸುಗೆಯ ಮೇಲೆ.

ಹಳೆಯ ಪೈಪುಗಳ ಈ ಬೆಸುಗೆಯಲ್ಲಿ ತವರದ ಜೊತೆ ಸೀಸವೂ ಸೇರಿರುತ್ತದೆ, ಆ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ. ಆಭರಣಕ್ಕೆ ಹಾಕುವ ಬೆಳ್ಳಿ ಬೆಸುಗೆಗಾದರೋ 700 ಡಿಗ್ರಿಯ ಆಸುಪಾಸಿನ ಕಾವು ಬೇಕು. ಅಷ್ಟು ಕಾವಿನಲ್ಲಿ, ಕಣ್ಣಿಗೆ ಕಾಣದಷ್ಟು ಸೀಸ ಉಳಿದಿದ್ದರೂ ಅದು ಲೋಹದೊಳಕ್ಕೆ ಇಳಿದು, ನುಣುಪಾದ ಮೈಯಲ್ಲಿ ಸಿಡುಬಿನ ಕಲೆಯಂತಹ ಗುಳಿಗಳನ್ನು ಬಿಟ್ಟುಹೋಗುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ. ಅರದಿಂದ ಉಜ್ಜಿ ತೆಗೆಯಬಹುದು ಎನ್ನುವವರು ಇದ್ದಾರೆ. ಉಜ್ಜಿದ ಸೀಸದ ಪುಡಿ ಅರದ ಹಲ್ಲುಗಳಲ್ಲಿ ಕೂತು ಮುಂದೆ ಅದೇ ಅರಕ್ಕೆ ಸಿಗುವ ಬೆಳ್ಳಿಯನ್ನೂ ಕೆಡಿಸುತ್ತದೆ, ಕೈಗೆ ಮೆತ್ತಿದ್ದು ಊಟದ ಹೊತ್ತಿಗೆ ಬಾಯಿಗೂ ಹೋಗುತ್ತದೆ. ಮರುಬಳಕೆ ಎಂದ ಮಾತ್ರಕ್ಕೆ ಒಂದು ಚೂರನ್ನೂ ಬಿಡಬಾರದೆಂಬ ಹಟ ನನಗೆ ಒಪ್ಪಿಗೆಯಿಲ್ಲ. ಬೆಸುಗೆಯ ಗೆರೆಯಿಂದ ಎರಡು ಬೆರಳು ಈಚೆಗೆ ಗರಗಸ ಇಟ್ಟು ಕತ್ತರಿಸಿ, ಆ ತುಂಡನ್ನು ಗುಜರಿಗೇ ಹಿಂದಿರುಗಿಸುವುದು ಲೇಸು.

ಕಾಯಿಸುವ ಘಟ್ಟಕ್ಕೆ ಬಂದೆವು. ಕೋಣೆಯ ದೀಪ ಆರಿಸಿರುವುದು ಚೆಂದಕ್ಕಲ್ಲ, ಕಾದ ತಾಮ್ರದ ಮಂದವಾದ ಕೆಂಪು, ಮಬ್ಬುಗತ್ತಲಲ್ಲಷ್ಟೇ ಸರಿಯಾಗಿ ತಿಳಿಯುವುದರಿಂದ. ಆ ಕೆಂಪು ಮೂಡಿದೊಡನೆ ನೀರಿಗೆ ಹಾಕಿದರೆ, ಗಡುಸಾಗಿದ್ದ ತಾಮ್ರ ಕೈಯಲ್ಲೇ ಬಾಗುವಷ್ಟು ಮೆದುವಾಗುತ್ತದೆ. ಸುತ್ತಿಗೆಯ ಪೆಟ್ಟು ಬಿದ್ದಂತೆಲ್ಲ ಮತ್ತೆ ಗಡುಸಾಗುವುದರಿಂದ ನಡುನಡುವೆ ಇದನ್ನೇ ಮರಳಿ ಮಾಡಬೇಕು. ಮೇಲೆ ಕಟ್ಟಿದ ಕಪ್ಪು ಪೊರೆಯನ್ನು ಬೆಚ್ಚಗಿನ ಸಿಟ್ರಿಕ್ ಆಮ್ಲದ ನೀರು ಬಿಡಿಸುತ್ತದೆ. ಆ ನೀರಿಗೆ ಕಬ್ಬಿಣದ ಇಕ್ಕಳ ಅದ್ದಬಾರದು. ಅದ್ದಿದರೆ, ನೀರಿನಲ್ಲಿ ಕರಗಿರುವ ತಾಮ್ರ ಜೊತೆಗಿದ್ದ ಬೆಳ್ಳಿಯ ಮೇಲೆ ಕೂತು ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಪಕ್ಕದಲ್ಲಿರುವ ಹಿತ್ತಾಳೆಯ ನಲ್ಲಿಯನ್ನೂ ಕರಗಿಸಬಾರದೇ ಎಂದು ನೀವು ಕೇಳಬಹುದು. ಮನೆಯೊಳಗೆ ಹಿತ್ತಾಳೆ ಕರಗಿಸುವುದು ಶುದ್ಧ ಅವಿವೇಕ: ಅದರಲ್ಲಿರುವ ಸತು 907 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗುತ್ತದೆ, ಅದನ್ನು ಉಸಿರಾಡಿದವರಿಗೆ ಚಳಿಜ್ವರ ಬರುತ್ತದೆ. ಆದರೆ ಹಿತ್ತಾಳೆಯನ್ನೇ ಬಿಟ್ಟುಬಿಡಿ ಎಂದು ಹೇಳಲಾರೆ. ಈ ಓಲೆಯ ನಡುವೆ ಹಳೆಯ ಬಾಗಿಲಿನ ಹಿತ್ತಾಳೆ ತಗಡಿನ ಚುಕ್ಕೆಯೊಂದು ಕೂತರೆ ತಾಮ್ರದ ಕೆಂಪಿಗೆ ಕಳೆ ಬರುತ್ತದೆ, ಹಾಗಾಗಿ ಅದೂ ಇರಲಿ.

ಬೆಸುಗೆಗೆ ಬಿಳಿಗಾರ ಹಚ್ಚಿದ್ದಾಯಿತು. ಕಿವಿಗೆ ತಗಲುವ ಕೊಕ್ಕೆ ಮಾತ್ರ ತಾಮ್ರದ್ದಲ್ಲ, ಬೆವರು ತಾಗಿ ಚರ್ಮ ಹಸಿರಾಗುವುದರಿಂದ ಮುರಿದ ಸರದಿಂದ ಬಂದ ನೂರಕ್ಕೆ 92.5 ಪಾಲು ಬೆಳ್ಳಿಯ ತಂತಿ. ಬೇಯಿಸಿದ ಮೊಟ್ಟೆಯೊಡನೆ ಡಬ್ಬಿಯಲ್ಲಿ ಮುಚ್ಚಿಟ್ಟು, ಗಂಧಕದ ಆವಿಯಿಂದ ಓಲೆಯನ್ನು ಕಪ್ಪಾಗಿಸಬೇಕೆಂದು ಮೊದಲು ಅಂದುಕೊಂಡಿದ್ದೆ. ಈಗ ಸುತ್ತಿಗೆಯ ಗುರುತುಗಳ ಮೇಲೆ ಬೆಳಕು ಬೀಳುತ್ತಿರುವುದನ್ನು ನೋಡಿದರೆ ಹೊಳಪೇ ಸಾಕೆನ್ನಿಸುತ್ತಿದೆ. ಎಡಗಡೆಯದಕ್ಕೆ ಕೊಕ್ಕೆ ಸಿಕ್ಕಿಸಿದ್ದಾಯಿತು, ಬಲಗಡೆಯದು ಮೇಣ ಹಚ್ಚಿದ ಮೇಲೆ.