ಕೆಲಸ ಹುಡುಕುತ್ತಿರೋದು ಬಾಸ್‌ಗೆ ಗೊತ್ತಾಗುತ್ತಾ?

ನಮಸ್ಕಾರ. ಇವತ್ತಿನ ಪ್ರಶ್ನೆ ನಿಮ್ಮದೇ. ಲಿಂಕ್ಡ್‌ಇನ್‌ನಲ್ಲಿ 'ಓಪನ್ ಟು ವರ್ಕ್', ಅಂದರೆ ಕೆಲಸ ಹುಡುಕುತ್ತಿದ್ದೇನೆ ಅನ್ನೋ ಗುರುತು, ಹಾಕಿದರೆ ಈಗಿನ ಬಾಸ್‌ಗೆ ಗೊತ್ತಾಗುತ್ತಾ?

ಪಾರ್ಟಿ ಫೋಟೋ ತೆಗೆದುಹಾಕಿ, ಬೈದಾಡಿದ್ದನ್ನು ಅಳಿಸಿ ಅಂತೆಲ್ಲ ನಾನು ಹೇಳುವುದಿಲ್ಲ. ಅದು ನಿಮಗೇ ಗೊತ್ತು.

ಓಪನ್ ಟು ವರ್ಕ್‌ನಲ್ಲಿ ಎರಡು ಆಯ್ಕೆ. ಎಲ್ಲರಿಗೂ ಕಾಣಲಿ ಅಂದರೆ ಫೋಟೋಗೆ ಹಸಿರು ಪಟ್ಟಿ ಬರುತ್ತದೆ. ಅದು ಡಂಗೂರ, ಬಿಡಿ. ರಿಕ್ರೂಟರ್‌ಗಳಿಗೆ (ಕೆಲಸಕ್ಕೆ ಜನ ಹುಡುಕುವವರಿಗೆ) ಮಾತ್ರ ಅಂದರೆ ಪಟ್ಟಿ ಇಲ್ಲ, ಜೊತೆಗೆ ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದ ಹಾಗೆ ಲಿಂಕ್ಡ್‌ಇನ್ ನೋಡಿಕೊಳ್ಳುತ್ತದೆ. ಸೇಫ್ ಅಲ್ವಾ?

ಸ್ವಲ್ಪ ತಾಳಿ. ಪೂರ್ತಿ ಗುಟ್ಟಾಗಿ ಉಳಿಯುತ್ತದೆ ಅಂತ ಗ್ಯಾರಂಟಿ ಕೊಡುವುದಿಲ್ಲ ಎಂದು ಲಿಂಕ್ಡ್‌ಇನ್‌ನವರೇ ಹೇಳಿಕೊಂಡಿದ್ದಾರೆ. ನೀವು ಎಲ್ಲಿ ಕೆಲಸ ಮಾಡುತ್ತೀರಿ ಅನ್ನೋದು ಅದಕ್ಕೆ ತಿಳಿಯುವುದು ನಿಮ್ಮ ಪ್ರೊಫೈಲ್‌ನಿಂದ. ಈಗಲೇ ತೆಗೆದು ನೋಡಿ, ಕಂಪನಿ ಹೆಸರಿನ ಪಕ್ಕ ಲೋಗೋ ಇದೆಯಾ? ಬರೀ ಬೂದು ಚೌಕ ಇದ್ದರೆ ನೀವು ಹೆಸರನ್ನು ಸುಮ್ನೆ ಟೈಪ್ ಮಾಡಿದ್ದೀರಿ, ಕಂಪನಿಯ ಪೇಜ್‌ಗೆ ಜೋಡಿಸಿಲ್ಲ. ಆಗ ಯಾರಿಂದ ಬಚ್ಚಿಡಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು ಪಾಪ?

ಇನ್ನೂ ಮಜಾ ಇದೆ. ನಿಮ್ಮ ಎಚ್‌ಆರ್ ಹೊರಗಿನ ಕನ್ಸಲ್ಟೆನ್ಸಿಗೆ ಜನ ಹುಡುಕೋಕೆ ಹೇಳಿದ್ದಾರೆ ಅಂದುಕೊಳ್ಳಿ. ಕನ್ಸಲ್ಟೆನ್ಸಿಯವರು ನಿಮ್ಮ ಕಂಪನಿಯವರಲ್ಲ, ಹಾಗಾಗಿ ಅವರಿಗೆ ನೀವು ಆರಾಮಾಗಿ ಕಾಣುತ್ತೀರಿ. ನೀವಿನ್ನೂ ಖಾಲಿ ಮಾಡದ ಕುರ್ಚಿಗೆ ನಿಮ್ಮನ್ನೇ ಇಂಟರ್‌ವ್ಯೂಗೆ ಕರೆದರೂ ಕರೆದರೇ!

ಹಾಗಾಗಿ ನನ್ನ ಮಾತು ಕೇಳುವುದಾದರೆ, ಕೆಲಸ ಕೈಯಲ್ಲಿದ್ದಾಗ ಓಪನ್ ಟು ವರ್ಕ್ ಆಫ್ ಇಟ್ಟು ನೀವೇ ರಿಕ್ರೂಟರ್‌ಗಳಿಗೆ ಮೆಸೇಜ್ ಮಾಡಿ. ಕೆಲಸ ಬಿಟ್ಟಿದ್ದೀರಾ? ಹಸಿರು ಪಟ್ಟಿ ಹಾಕಿ, ನಾಚಿಕೆ ಯಾಕೆ?

ಟೈಮ್ ಆಗ್ತಿದೆ, ಉಳಿದದ್ದು ಬೇಗ ಬೇಗ. ಪ್ರೊಫೈಲ್ ತಿದ್ದುವ ಮೊದಲು ಅಪ್‌ಡೇಟ್‌ಗಳನ್ನು ನೆಟ್‌ವರ್ಕ್‌ಗೆ ಹಂಚುವ ಸೆಟ್ಟಿಂಗ್ ಆಫ್ ಮಾಡಿ. ಬೇರೆಯವರ ಪ್ರೊಫೈಲ್ ಇಣುಕಿದರೆ ನಿಮ್ಮ ಹೆಸರು ಅವರಿಗೆ ಕಾಣಬಹುದು, ಬೇಡ ಅಂದರೆ ಪ್ರೈವೇಟ್ ಮೋಡ್ ಇದೆ. ಆದರೆ ಫ್ರೀ ಅಕೌಂಟ್‌ನಲ್ಲಿ ಆಗ ನಿಮ್ಮನ್ನು ಯಾರು ನೋಡಿದರು ಅನ್ನೋದೂ ನಿಮಗೆ ಸಿಗುವುದಿಲ್ಲ. ಫೇಸ್‌ಬುಕ್‌ನಲ್ಲಿ 'ಲಿಮಿಟ್ ಪಾಸ್ಟ್ ಪೋಸ್ಟ್ಸ್' ಒತ್ತಿದರೆ ಹಳೆಯ ಪಬ್ಲಿಕ್ ಪೋಸ್ಟ್‌ಗಳೆಲ್ಲ ಒಂದೇ ಏಟಿಗೆ ಸ್ನೇಹಿತರಿಗೆ ಮಾತ್ರ ಆಗುತ್ತವೆ. ಈಗಿರುವ ಕವರ್ ಫೋಟೋ ಮಾತ್ರ ಏನು ಮಾಡಿದರೂ ಪಬ್ಲಿಕ್. ಅಲ್ಲಿ ಬಾಸ್ ಮೇಲಿನ ಮೀಮ್ ಹಾಕಿಕೊಂಡವರು ವಿಡಿಯೋ ನಿಲ್ಲಿಸಿ ಮೊದಲು ಅದನ್ನು ಬದಲಾಯಿಸಿ ಬನ್ನಿ.