ಪೋಸ್ಟಿಂಗ್ ಬಂತು, ಪಟ್ಟಿ ಎಲ್ಲಿ?

ಕೇಳುಗರೆಲ್ಲರಿಗೂ ನಮಸ್ಕಾರ.

ಸೈನಿಕರ ಕುಟುಂಬಗಳು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವಾಗ ಸಾಮಾನು ಸಾಗಿಸುವುದು ಹೇಗೆ, ಜೊತೆಗೆ ಒಯ್ಯಲಾಗದ್ದನ್ನು ಕಾಪಾಡಿಡುವುದು ಹೇಗೆ ಎಂಬ ವಿಷಯವಾಗಿ ಮಾತನಾಡಬೇಕೆಂದು ಮಡಿಕೇರಿ ಆಕಾಶವಾಣಿಯವರು ನನ್ನನ್ನು ಕರೆದಿದ್ದಾರೆ. ನಮ್ಮ ಯಜಮಾನರು ಸೇನೆಯ ಸರಬರಾಜು ವಿಭಾಗದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಅವರ ಜೊತೆ ನಾನು ಹನ್ನೊಂದು ಬಾರಿ ಮನೆ ಕಟ್ಟಿ, ಹನ್ನೊಂದು ಬಾರಿ ಬಿಚ್ಚಿದ್ದೇನೆ. ಸೋಮವಾರಪೇಟೆಗೆ ಬಂದು ನೆಲೆಸಿದ ಮೇಲೂ ಹೊಸದಾಗಿ ಮದುವೆಯಾಗಿ ಹೊರಡುವ ನಮ್ಮ ಕಡೆಯ ಹೆಣ್ಣುಮಕ್ಕಳು ಸಲಹೆ ಕೇಳಲು ಬರುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇನೆ. ಪ್ರತಿಯೊಂದು ಪೆಟ್ಟಿಗೆಗೂ ಒಂದು ಸಂಖ್ಯೆ ಇರಬೇಕು, ಆ ಸಂಖ್ಯೆಯ ಎದುರು ಒಳಗಿರುವ ವಸ್ತುಗಳ ಪಟ್ಟಿ ಒಂದು ಪುಸ್ತಕದಲ್ಲಿರಬೇಕು. ಇಂದು ಇದಿಷ್ಟು ನಿಮ್ಮ ನೆನಪಿನಲ್ಲಿ ಉಳಿದರೂ ನಾನು ಬಂದದ್ದು ಸಾರ್ಥಕ.

ಸೇನೆಯಲ್ಲಿ ಇಲ್ಲದ ಕುಟುಂಬದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಮ್ಮಲ್ಲಿ ವರ್ಗಾವಣೆಯನ್ನು ಪೋಸ್ಟಿಂಗ್ ಎನ್ನುತ್ತಾರೆ. ಎರಡು ಮೂರು ವರ್ಷಕ್ಕೊಮ್ಮೆ ಅದು ಬಂದೇ ಬರುತ್ತದೆ. ಕುಟುಂಬವನ್ನು ಕರೆದೊಯ್ಯಬಹುದಾದ ಜಾಗವನ್ನು ಪೀಸ್ ಸ್ಟೇಷನ್ ಎಂದೂ, ಕರೆದೊಯ್ಯಲಾಗದ ಗಡಿ ಪ್ರದೇಶವನ್ನು ಫೀಲ್ಡ್ ಎಂದೂ ಕರೆಯುತ್ತಾರೆ. ಪೀಸ್ ಸ್ಟೇಷನ್ ಸಿಕ್ಕರೆ ಇಡೀ ಸಂಸಾರ ಹೊರಡುತ್ತದೆ. ಫೀಲ್ಡ್ ಸಿಕ್ಕರೆ ಹೆಂಡತಿ ಮಕ್ಕಳು ಊರಿಗೆ ಮರಳಬೇಕು, ಇಲ್ಲವೇ ಅಂಥ ಕುಟುಂಬಗಳಿಗೆಂದೇ ಮೀಸಲಾದ ಕ್ವಾರ್ಟರ್ಸ್‌ನಲ್ಲಿ ಉಳಿಯಬೇಕು. ಮೂವ್‌ಮೆಂಟ್ ಆರ್ಡರ್ ಕೈಗೆ ಬಂದ ಮೇಲೆ ಯಜಮಾನರು ಕಚೇರಿಯಿಂದ ಕಚೇರಿಗೆ ಕ್ಲಿಯರೆನ್ಸ್ ಸಹಿಗಾಗಿ ಓಡಾಡುತ್ತಿರುತ್ತಾರೆ, ಆದ್ದರಿಂದ ಪೆಟ್ಟಿಗೆ ಕಟ್ಟುವ ಕೆಲಸ ಮನೆಯಾಕೆಯ ಪಾಲಿಗೆ ಬರುತ್ತದೆ. "ಎಲ್ಲಾ ಆಗುತ್ತೆ, ಹುಡುಗರನ್ನು ಕಳಿಸುತ್ತೇನೆ" ಎಂದು ಹೇಳಿ ಹೋಗುವ ಗಂಡಂದಿರೂ ಈಗ ಕೇಳುತ್ತಿರಬಹುದು. ಬಂದ ಹುಡುಗರು ಕೈಗೆ ಸಿಕ್ಕಿದ್ದನ್ನು ಸಿಕ್ಕ ಪೆಟ್ಟಿಗೆಗೆ ತುಂಬಿ ಮುಚ್ಚುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ, ಏಕೆಂದರೆ ಅವರ ಕೈಯಲ್ಲಿ ಯಾರೂ ಪಟ್ಟಿ ಕೊಟ್ಟಿರುವುದಿಲ್ಲ.

ಇದನ್ನು ನಾನು ಕಲಿತದ್ದು 2001ರಲ್ಲಿ. ಆಗ ನಾವು ಪಶ್ಚಿಮ ಬಂಗಾಳದ ಬಿನ್ನಾಗುರಿಯಲ್ಲಿದ್ದೆವು. ಚಹಾ ತೋಟಗಳ ನಡುವಿನ ದಂಡುಪ್ರದೇಶ ಅದು. ಅಲ್ಲಿಯ ಮಳೆ ನಮ್ಮ ಸೋಮವಾರಪೇಟೆಯ ಮಳೆಯನ್ನು ನೆನಪಿಸುತ್ತದೆ. ಮಾರ್ಚ್ ತಿಂಗಳಲ್ಲಿ ರಾಜಸ್ಥಾನದ ಜೋಧಪುರಕ್ಕೆ ಪೋಸ್ಟಿಂಗ್ ಬಂತು. ಅದೇ ಸಮಯಕ್ಕೆ ಯಜಮಾನರು ಹವಾಲ್ದಾರ್ ಹುದ್ದೆಯಿಂದ ನಾಯಬ್ ಸುಬೇದಾರ್ ಹುದ್ದೆಗೆ ಏರಿದ್ದರು. ಸೈನಿಕರ ಮನೆಯ ಟ್ರಂಕುಗಳನ್ನು ನೀವು ನೋಡಿರುತ್ತೀರಿ: ಕಪ್ಪು ಬಣ್ಣ ಬಳಿದ ತಗಡಿನ ಪೆಟ್ಟಿಗೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹುದ್ದೆ, ಹೆಸರು. ಹುದ್ದೆ ಬದಲಾದರೆ ಅಕ್ಷರವೂ ಬದಲಾಗಬೇಕಲ್ಲವೇ? ಆ ಸಡಗರದಲ್ಲಿ ಯಜಮಾನರು ಎಲ್ಲ ಟ್ರಂಕುಗಳಿಗೂ ಹೊಸದಾಗಿ ಕಪ್ಪು ಬಣ್ಣ ಹೊಡೆಸಿ ಬಿಳಿ ಅಕ್ಷರ ಬರೆಸಿದರು. ಕೊನೆಯದಾಗಿ ಬಣ್ಣ ಕಂಡ ಒಂದು ಟ್ರಂಕು ಮಾತ್ರ ಮೋಡದ ಹವೆಯಲ್ಲಿ ಒಣಗದೆ, ಅಕ್ಷರವಿಲ್ಲದೆ, ಹಿಂದಿನ ಜಗಲಿಯಲ್ಲಿ ಉಳಿದಿತ್ತು.

ಮರುದಿನ ಬೆಳಿಗ್ಗೆ ಲಾರಿ ಬಂತು. ಎಂಟು ವರ್ಷದ ಮಗಳನ್ನೂ ಜ್ವರ ಬಂದಿದ್ದ ಚಿಕ್ಕ ಮಗನನ್ನೂ ಸಂಭಾಳಿಸುತ್ತಾ ನಾನು ಬಾಗಿಲಲ್ಲಿ ನಿಂತು ಬಾಯಲ್ಲೇ ಎಣಿಸುತ್ತಿದ್ದೆ. ಹತ್ತೊಂಬತ್ತು ಎಂದು ಎಣಿಸಿದ ನೆನಪು. ಜೋಧಪುರದಲ್ಲಿ ಲಾರಿಯಿಂದ ಇಳಿದದ್ದು ಹದಿನೆಂಟು. ಲಾರಿಯವನು ತಾನು ಹದಿನೆಂಟನ್ನೇ ತುಂಬಿದ್ದು ಎಂದ. ನಾನು ಹತ್ತೊಂಬತ್ತು ಎಂದೆ. ಅವನ ಹತ್ತಿರವೂ ಕಾಗದವಿಲ್ಲ, ನನ್ನ ಹತ್ತಿರವೂ ಇಲ್ಲ. ಧೂಳು ತುಂಬಿದ ಆ ಅಂಗಳದಲ್ಲಿ ನಿಂತು ನಾನು ಅವನನ್ನು ಆಡಬಾರದ ಮಾತೆಲ್ಲ ಆಡಿದೆ. ಯಜಮಾನರು ಬಾಡಿಗೆಯಲ್ಲಿ ಸ್ವಲ್ಪ ಹಣವನ್ನು ಹಿಡಿದುಕೊಂಡರು. ಸಾಗಣೆ ಸಂಸ್ಥೆಯವರು ಕಳೆದುಹೋದ ಟ್ರಂಕಿನಲ್ಲಿ ಏನೇನಿತ್ತೆಂದು ಬರೆದುಕೊಡಿ ಎಂದರು. ನಾನು ಬಹಳ ಹೊತ್ತು ಯೋಚಿಸಿ ಐದು ವಸ್ತುಗಳನ್ನು ಬರೆದುಕೊಟ್ಟೆ: ನನ್ನ ಧಾರೆ ಸೀರೆ, ಎರಡು ರಜಾಯಿ, ತವರಿನಿಂದ ತಂದ ಶಾವಿಗೆ ಒರಳು, ಮಕ್ಕಳ ಉಣ್ಣೆಯ ಬಟ್ಟೆ, ಒಂದು ಹಿತ್ತಾಳೆ ದೀಪ. ಒಂದು ಸಂಸಾರದ ಟ್ರಂಕಿನಲ್ಲಿ ಐದೇ ವಸ್ತುಗಳಿರುತ್ತವೆಯೇ? ಆದರೂ ನೆನಪಿಗೆ ಬಂದದ್ದು ಅಷ್ಟೇ.

ಆಗಸ್ಟ್ ತಿಂಗಳಲ್ಲಿ ಬಿನ್ನಾಗುರಿಯಿಂದ ಒಂದು ಕಾಗದ ಬಂತು. ಬರೆದವಳು ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗೆಳತಿ. ಟ್ರಂಕು ಲಾರಿ ಹತ್ತಿರಲೇ ಇಲ್ಲ. ಬಣ್ಣ ಒಣಗಲೆಂದು ಇಟ್ಟ ಜಾಗದಲ್ಲೇ ಕುಳಿತಿತ್ತು. ನಮ್ಮ ನಂತರ ಆ ಮನೆಗೆ ಬಂದ ಕುಟುಂಬದವರು ಹೆಸರಿಲ್ಲದ ಪೆಟ್ಟಿಗೆಯನ್ನು ಕಂಡು ಸರ್ಕಾರದ್ದಿರಬೇಕೆಂದು ತಿಳಿದು, ಬ್ಯಾರಕ್ ಸ್ಟೋರ್‌ನವರನ್ನು ಕೇಳಿದ್ದರು. ಕ್ವಾರ್ಟರ್ಸ್‌ನ ಮಂಚ, ಮೇಜು, ಕುರ್ಚಿ, ಫ್ಯಾನುಗಳೆಲ್ಲ ಮಿಲಿಟರಿ ಎಂಜಿನಿಯರ್ ಸರ್ವಿಸಸ್‌ನವರ ಲೆಕ್ಕದಲ್ಲಿರುತ್ತವೆ. ಮನೆಗೆ ಬರುವಾಗಲೂ ಬಿಡುವಾಗಲೂ ಅವರು ಪಟ್ಟಿ ಹಿಡಿದು ಒಂದೊಂದನ್ನೂ ಎಣಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಅವರು ತಮ್ಮ ಪಟ್ಟಿ ನೋಡಿ, ಇದು ನಮ್ಮದಲ್ಲ ಎಂದು ಒಂದೇ ನಿಮಿಷದಲ್ಲಿ ಹೇಳಿದರಂತೆ. ಸರ್ಕಾರದವರಿಗೆ ತಮ್ಮ ಒಂದು ಮುರುಕು ಕುರ್ಚಿಯ ಲೆಕ್ಕವೂ ಗೊತ್ತಿತ್ತು, ನನಗೆ ನನ್ನ ಧಾರೆ ಸೀರೆಯ ಲೆಕ್ಕ ಗೊತ್ತಿರಲಿಲ್ಲ. ಆ ಕುಟುಂಬದವರು ಟ್ರಂಕಿನ ಮೇಲೆ ಬಟ್ಟೆ ಹಾಸಿ ಐದು ತಿಂಗಳು ಟಿ.ವಿ. ಇಟ್ಟುಕೊಂಡಿದ್ದರು. ಕೊನೆಗೊಂದು ದಿನ ನನ್ನ ಗೆಳತಿ ಚಹಾ ಕುಡಿಯಲು ಅಲ್ಲಿಗೆ ಹೋದಾಗ, ನಾನು ಸಂತೆಯಲ್ಲಿ ಕೊಂಡಿದ್ದ ಹಿತ್ತಾಳೆ ಬೀಗವನ್ನೂ ಅದಕ್ಕೆ ಕಟ್ಟಿದ್ದ ಕೆಂಪು ದಾರವನ್ನೂ ನೋಡಿ ಗುರುತಿಸಿದಳು.

ರೈಲಿನ ಪಾರ್ಸೆಲಿನಲ್ಲಿ ಟ್ರಂಕು ಜೋಧಪುರಕ್ಕೆ ಬಂತು. ಬೀಗ ತೆಗೆದು ನೋಡಿದರೆ, ಒಳಗೆ ಮೂವತ್ತಕ್ಕೂ ಹೆಚ್ಚು ವಸ್ತುಗಳಿದ್ದವು. ನಾನು ಬರೆದುಕೊಟ್ಟಿದ್ದ ಐದರಲ್ಲಿ ಎರಡು ಅದರಲ್ಲಿ ಇರಲೇ ಇಲ್ಲ. ಹಿತ್ತಾಳೆ ದೀಪವೂ ಶಾವಿಗೆ ಒರಳೂ ಜೋಧಪುರದ ಮನೆಯಲ್ಲೇ, ಬಿಚ್ಚದೆ ಇಟ್ಟಿದ್ದ ಇನ್ನೊಂದು ಟ್ರಂಕಿನಲ್ಲಿದ್ದವು. ನಾನು ಆ ಲಾರಿಯವನ ಮೇಲೆ ಹೊರಿಸಿದ್ದು ಸುಳ್ಳು ಆರೋಪ. ಯಜಮಾನರು ಹಿಡಿದುಕೊಂಡ ಹಣವನ್ನು ಮನಿಯಾರ್ಡರ್ ಮಾಡಿದರು, ನಾನು ಕ್ಷಮೆ ಕೇಳಿ ಕಾಗದ ಬರೆಸಿದೆ. ಆ ವಾರವೇ ಎರಡು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಕೊಂಡು ತಂದೆ. ಅದು ಇಂದಿಗೂ ನನ್ನ ಬಳಿ ಇದೆ.

ಆ ಪುಸ್ತಕದ ಕ್ರಮ ಬಹಳ ಸರಳ. ಪುಟಕ್ಕೊಂದು ಪೆಟ್ಟಿಗೆ. ಮೇಲೆ ಸಂಖ್ಯೆ, ಕೆಳಗೆ ವಸ್ತುಗಳು, ಅಂಚಿನಲ್ಲಿ ಅದನ್ನು ಹೊಸ ಮನೆಯ ಯಾವ ಕೋಣೆಯಲ್ಲಿ ಇಳಿಸಬೇಕೆಂಬ ಸೂಚನೆ. "ಅಡುಗೆ ಸಾಮಾನು" ಎಂದು ಒಂದೇ ಮಾತಿನಲ್ಲಿ ಬರೆದು ಮುಗಿಸುವುದು ಪಟ್ಟಿಯಲ್ಲ. ಕುಕ್ಕರ್, ಅದರ ಸೀಟಿ, ಅದರ ರಬ್ಬರ್ ಎಂದು ಬರೆಯಬೇಕು, ಏಕೆಂದರೆ ಮನೆ ಬದಲಿಸಿದ ಮೊದಲ ದಿನ ಕುಕ್ಕರ್ ಸಿಕ್ಕಿ ಸೀಟಿ ಸಿಗುವುದಿಲ್ಲ. ಸಂಖ್ಯೆಯನ್ನು ಮುಚ್ಚಳದ ಮೇಲೂ ಎರಡು ಪಕ್ಕಗಳಲ್ಲೂ ಬಣ್ಣದಿಂದಲೇ ಬರೆಯಿರಿ; ಅಂಟಿಸಿದ ಚೀಟಿ ಮೊದಲ ಮಳೆಗೆ ಹೋಗುತ್ತದೆ. ಲಾರಿ ತುಂಬಿದ ಮೇಲೆ ಪುಸ್ತಕದ ಕೊನೆಯ ಪುಟದಲ್ಲಿ ಒಟ್ಟು ಎಷ್ಟು ಎಂದು ಬರೆದು, ಚಾಲಕನ ಸಹಿ ಹಾಕಿಸಿ, ನೀವೂ ಹಾಕಿ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಪ್ರತಿ ಪುಟದ ಚಿತ್ರ ತೆಗೆದು ಯಜಮಾನರಿಗೆ ಕಳಿಸಿಬಿಡಿ. ಸಾಮಾನಿಗೆ ವಿಮೆ ಮಾಡಿಸುವುದಾದರೂ ಈ ಪಟ್ಟಿಯೇ ಆಧಾರ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ ಭವನದ ಮೇಲೆ ದಾಳಿಯಾಗಿ, ಆಪರೇಷನ್ ಪರಾಕ್ರಮ್ ಎಂದು ಸೇನೆಯನ್ನು ಗಡಿಗೆ ಕಳಿಸಿದರು. ಯಜಮಾನರು ಒಂದು ರಾತ್ರಿಯಲ್ಲಿ ಹೊರಟರು. ಆ ಕಾರ್ಯಾಚರಣೆ ಮುಗಿದದ್ದು ಮರುವರ್ಷ ಅಕ್ಟೋಬರ್‌ನಲ್ಲಿ. ನಾನು ಮಕ್ಕಳ ಪರೀಕ್ಷೆ ಮುಗಿಸಿಕೊಂಡು ಊರಿಗೆ ಬಂದಾಗ ಪುಸ್ತಕ ನೋಡಿಕೊಂಡು ಎರಡೇ ಟ್ರಂಕು ತಂದೆ, ಉಳಿದವು ಅಲ್ಲಿಯೇ ಉಳಿದವು. ಯಾವುದರಲ್ಲಿ ಏನಿದೆ ಎಂದು ಗೊತ್ತಿದ್ದುದರಿಂದ ಅದು ಸಾಧ್ಯವಾಯಿತು.

ಇನ್ನು ಊರಿನ ಮನೆಯಲ್ಲಿ ಸಾಮಾನು ಕಾಪಾಡಿಡುವ ವಿಷಯ. ಫೀಲ್ಡ್ ಪೋಸ್ಟಿಂಗ್ ಬಂದಾಗ ಅಟ್ಟವೇ ನಮ್ಮ ಉಗ್ರಾಣ. ಕೊಡಗು, ಸಕಲೇಶಪುರದ ಕಡೆಯ ಜೂನ್ ಜುಲೈ ಮಳೆಗೆ ತಗಡಿನ ಟ್ರಂಕಿನ ತಳ ತುಕ್ಕು ಹಿಡಿಯುತ್ತದೆ, ಬಟ್ಟೆಗೆ ಬೂಷ್ಟು ಬರುತ್ತದೆ. ಟ್ರಂಕನ್ನು ಇಟ್ಟಿಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಇಡಿ. ರೇಷ್ಮೆ ಸೀರೆಯನ್ನು ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ನುಸಿಗುಳಿಗೆ ಜರಿಗೆ ತಾಗದಿರಲಿ. ಫ್ರಿಜ್ಜನ್ನು ಒರೆಸಿ ಒಣಗಿಸಿ ಬಾಗಿಲನ್ನು ಸ್ವಲ್ಪ ತೆರೆದೇ ಇಡಿ. ಮಳೆ ನಿಂತ ಮೇಲೆ ಒಮ್ಮೆ ಎಲ್ಲವನ್ನೂ ತೆಗೆದು ಬಿಸಿಲಿಗೆ ಹಾಕಿ, ಮಡಿಕೆ ಬದಲಿಸಿ, ಮತ್ತೆ ಅದೇ ಪೆಟ್ಟಿಗೆಗೆ ಇಡಿ. ಅತ್ತೆಯವರೂ ಅತ್ತಿಗೆಯವರೂ ಕೇಳುತ್ತಿದ್ದರೆ ಒಂದು ವಿನಂತಿ: ಹಬ್ಬಕ್ಕೆಂದು ಪೆಟ್ಟಿಗೆಯಿಂದ ಪಾತ್ರೆ ತೆಗೆದುಕೊಳ್ಳಿ, ಸಂತೋಷ, ಆದರೆ ತೆಗೆದದ್ದನ್ನು ಪುಸ್ತಕದಲ್ಲಿ ಬರೆಯಿರಿ.

ನನಗೆ ಕೊಟ್ಟ ಸಮಯವನ್ನು ಆ ಟ್ರಂಕೇ ನುಂಗಿಹಾಕಿದ್ದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಸಾಗಣೆಯ ಖರ್ಚನ್ನು ಸರ್ಕಾರ ಕೊಡುತ್ತದೆ. ಈಗಿನ ನಿಯಮದಂತೆ ಸಿಪಾಯಿ ಮತ್ತು ನಾಯಕ್ ಹುದ್ದೆಯವರಿಗೆ 1500 ಕಿಲೋ, ಹವಾಲ್ದಾರರಿಗೆ 3000 ಕಿಲೋ, ನಾಯಬ್ ಸುಬೇದಾರ್ ಮತ್ತು ಮೇಲಿನವರಿಗೆ 6000 ಕಿಲೋ ತೂಕದವರೆಗೆ ಅವಕಾಶವಿದೆ. ಅದಲ್ಲದೆ ದೂರದ ಊರಿಗೆ ವರ್ಗವಾದರೆ ಮೂಲ ವೇತನದ ಶೇಕಡಾ 80ರಷ್ಟು ವರ್ಗಾವಣೆ ಅನುದಾನವೂ ಸಿಗುತ್ತದೆ. ಮುಂಗಡವನ್ನು ಕೇಳಿ ಪಡೆಯಿರಿ, ಲಾರಿಯ ರಸೀದಿಯನ್ನು ಪುಸ್ತಕಕ್ಕೆ ಪಿನ್ ಮಾಡಿ. ಅಡುಗೆ ಅನಿಲದ ಸಿಲಿಂಡರ್, ರೆಗ್ಯುಲೇಟರ್‌ಗಳನ್ನು ಒಪ್ಪಿಸಿ ಟರ್ಮಿನೇಷನ್ ವೋಚರ್ ಪಡೆಯಿರಿ, ಹೊಸ ಊರಿನಲ್ಲಿ ಅದನ್ನು ತೋರಿಸಿದರೆ ಸಂಪರ್ಕ ಸಿಗುತ್ತದೆ. ಸಿಲಿಂಡರನ್ನು ಲಾರಿಗೆ ಹಾಕುವ ಸಾಹಸ ಬೇಡ. ಮೋಟಾರ್ ಸೈಕಲ್ಲನ್ನು ರೈಲಿಗೆ ಹಾಕುವುದಾದರೆ ಪೆಟ್ರೋಲ್ ಪೂರ್ತಿ ಖಾಲಿಯಾಗಿರಬೇಕು. ಹೊಸ ವಾಹನ ಕೊಳ್ಳುವವರು 2021ರಿಂದ ಬಂದಿರುವ ಬಿಎಚ್ ಸರಣಿಯ ನೋಂದಣಿ ಪಡೆಯಲಿ. ರಾಜ್ಯ ಬದಲಾದಾಗಲೆಲ್ಲ ಮರುನೋಂದಣಿಗೆ ಅಲೆಯುವುದು ತಪ್ಪುತ್ತದೆ.

ಮಕ್ಕಳ ಶಾಲೆಯ ಚಿಂತೆ ಅನೇಕರಿಗೆ ಇರುತ್ತದೆ. ಕೇಂದ್ರೀಯ ವಿದ್ಯಾಲಯಗಳು ಹುಟ್ಟಿದ್ದೇ ಈ ಚಿಂತೆಯಿಂದ. 1963ರಲ್ಲಿ ರೆಜಿಮೆಂಟ್‌ಗಳು ನಡೆಸುತ್ತಿದ್ದ 20 ಶಾಲೆಗಳಿಂದ ಅವು ಆರಂಭವಾದವು. ಒಂದರಿಂದ ಇನ್ನೊಂದಕ್ಕೆ ವರ್ಷದ ನಡುವೆಯೂ ಪ್ರವೇಶ ಸಿಗುತ್ತದೆ, ವರ್ಗಾವಣೆ ಪತ್ರ ಕೈಯಲ್ಲಿದ್ದರೆ ಸಾಕು. ಕೈಯಲ್ಲಿ ಎಂದೆ, ಪೆಟ್ಟಿಗೆಯಲ್ಲಿ ಎನ್ನಲಿಲ್ಲ. ಶಾಲೆಯ ಪತ್ರ, ಲಸಿಕೆಯ ಕಾರ್ಡು, ಆಧಾರ್, ಕ್ಯಾಂಟೀನ್ ಕಾರ್ಡು, ಬ್ಯಾಂಕ್ ಪುಸ್ತಕ, ಒಡವೆ ಇವು ಲಾರಿ ಹತ್ತಬಾರದು.

ಕೊನೆಯದಾಗಿ ಒಂದನೆಯ ಸಂಖ್ಯೆಯ ಪೆಟ್ಟಿಗೆಯ ವಿಷಯ. ಅದನ್ನು ಲಾರಿಗೆ ಎಲ್ಲಕ್ಕಿಂತ ಕೊನೆಗೆ ಹಾಕಿಸಿ, ಎಲ್ಲಕ್ಕಿಂತ ಮೊದಲು ಇಳಿಸಿಕೊಳ್ಳಬೇಕು. ಒಂದು ಪಾತ್ರೆ, ಸೇರು ಅಕ್ಕಿ, ಬೇಳೆ, ಕಾಫಿಪುಡಿ, ಸಕ್ಕರೆ, ವಿದ್ಯುತ್ ಒಲೆ, ಎರಡು ಬಲ್ಬು, ಮೇಣದಬತ್ತಿ, ಹೊದಿಕೆ, ಸ್ಕ್ರೂಡ್ರೈವರ್, ಬಿಚ್ಚಿದ ಮಂಚದ ನಟ್ಟು ಬೋಲ್ಟುಗಳ ಗಂಟು, ಇವೆಲ್ಲ ಅದರಲ್ಲಿರಲಿ. ಪಟ್ಟಿಯ ಪುಸ್ತಕವನ್ನು ಮಾತ್ರ ಅದರಲ್ಲೂ ಇಡಬೇಡಿ. ಸಿಕಂದರಾಬಾದಿಗೆ ಹೋಗುವಾಗ ನಾನು ಜಾಣತನದಿಂದ ಪುಸ್ತಕವನ್ನೂ ಒಂದನೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೆ, ಲಾರಿ ಎರಡು ದಿನ ತಡವಾಗಿ ಬಂತು, ಆ ಎರಡು ದಿನ ಯಜಮಾನರು ಪ್ರತಿ ಊಟಕ್ಕೂ "ಪಟ್ಟಿ ಎಲ್ಲಿ?" ಎಂದು ಕೇಳುತ್ತಿದ್ದರು. ಅಂದಿನಿಂದ ಅದು ನನ್ನ ಕೈಚೀಲದಲ್ಲೇ ಇರುತ್ತದೆ. ನಮಸ್ಕಾರ.