ದೋಣಿ ಕೊಳ್ಳುವ ಮೊದಲು ತೂಕ ಹಾಕಿಸಿ

ಎಲ್ಲರಿಗೂ ನಮಸ್ಕಾರ. ಹಿನ್ನೀರಿನ ಹೋಂಸ್ಟೇಯವರೆಲ್ಲ ಹಳೇ ಫೈಬರ್ ದೋಣಿ ಹುಡುಕುತ್ತಿದ್ದೀರಂತೆ. ಅದಕ್ಕೇ ನನ್ನನ್ನು ಸಾಗರಕ್ಕೆ ಕರೆದಿದ್ದು. ನಾನು ಹೇಳುವುದು ಒಂದೇ ಮಾತು, ಅದನ್ನೇ ನಾಲ್ಕು ಸಲ ಹೇಳುತ್ತೇನೆ: ತೂಕ ಹಾಕಿಸಿ.

ನನ್ನ ಮೊದಲ ದೋಣಿಯ ಕಥೆ ಇಲ್ಲಿ ಅರ್ಧ ಜನ ಕೇಳಿದ್ದೀರಿ. ಉಳಿದವರಿಗಾಗಿ ಇನ್ನೊಮ್ಮೆ. ಕರಾವಳಿಯಿಂದ ತಂದ ಹದಿನಾಲ್ಕು ಅಡಿ ದೋಣಿ. ಹೊಸ ನೀಲಿ ಬಣ್ಣ, ಮುಖ ಕಾಣುವಷ್ಟು ಹೊಳಪು. "ಒಂದು ಗೀರಿಲ್ಲ ಸಾರ್" ಅಂದರು ಮಾರುವವರು. ಗೀರಿನ ಮೇಲೇ ಬಣ್ಣ ಬಳಿದಿದ್ದರೆ ಎಲ್ಲಿಂದ ಕಾಣಬೇಕು? ನಾಲ್ಕು ಜನ ಎತ್ತಬೇಕಾದ ದೋಣಿಯನ್ನು ಪಿಕಪ್‌ಗೆ ಏರಿಸಲು ಆರು ಜನ ಬೇಕಾಯಿತು. "ಇದೇನ್ರೀ ಇಷ್ಟು ಭಾರ?" ಅಂತ ನಮ್ಮ ಮನೆಯವಳು ಅಲ್ಲೇ ಕೇಳಿದಳು. "ಗಟ್ಟಿ ಮಾಲು ಕಣೇ" ಅಂದೆ. ಇವತ್ತಿಗೂ ದೋಸೆ ಹರಿಯದಂತಾದರೆ "ಗಟ್ಟಿ ಮಾಲು, ತಿನ್ನಿ" ಅನ್ನುತ್ತಾಳೆ.

ನೀರಿಗಿಳಿಸಿ ಮೂರು ಜನ ಕೂತರೆ ಅಂಚು ಗೇಣುದ್ದ ಮಾತ್ರ ಮೇಲೆ. ಕೊನೆಗೆ ಅಡಿಕೆ ಲಾರಿ ತೂಗುವ ವೇಬ್ರಿಡ್ಜ್‌ಗೆ ಒಯ್ದೆ. ಪಿಕಪ್ಪನ್ನು ದೋಣಿ ಸಮೇತ ಒಮ್ಮೆ, ಖಾಲಿ ಒಮ್ಮೆ ತೂಗಿಸಿ ಕಳೆದೆ. ತಯಾರಿಸಿದವರ ಕಾಗದದಲ್ಲಿ 260 ಕೆ.ಜಿ., ನನ್ನ ಚೀಟಿಯಲ್ಲಿ 380. ಟಿಕೆಟ್ ಇಲ್ಲದ ಇಬ್ಬರನ್ನು ಕೂರಿಸಿಕೊಂಡೇ ಓಡಾಡುತ್ತಿದ್ದೆ!

ಆ ಇಬ್ಬರು ಎಲ್ಲಿದ್ದರು? ನೆಲದ ಕೆಳಗೆ, ಫೋಮಿನಲ್ಲಿ. ಇಗೋ, ಆ ದೋಣಿಯದೇ ತುಂಡು. ಕೈಯಿಂದ ಕೈಗೆ ದಾಟಿಸಿ. ಫ್ರಿಜ್ ಬಾಗಿಲೊಳಗಿನ ಹಳದಿ ಪಫ್ ಇದೆಯಲ್ಲ, ಅದರ ಜಾತಿಯೇ ಇದು. ಒಳ್ಳೇ ಫೋಮ್ ಒಂದು ಘನ ಅಡಿಗೆ ಹೆಚ್ಚುಕಮ್ಮಿ ಒಂದು ಕೆ.ಜಿ. ತೂಗುತ್ತದೆ. ನೀರಲ್ಲಿ ಮುಳುಗಿಸಿದರೆ ಸುಮಾರು 27 ಕೆ.ಜಿ. ಎತ್ತಿ ಹಿಡಿಯುತ್ತದೆ. ದೋಣಿಗೆ ನೀರು ನುಗ್ಗಿದ ದಿನ ನಿಮ್ಮನ್ನು ಮುಳುಗದಂತೆ ಹಿಡಿಯುವುದು ಇದೇ. ಆದರೆ ನಮ್ಮ ಮಳೆಗಾಲದಲ್ಲಿ ದೋಣಿಯನ್ನು ಮುಚ್ಚದೆ ಬಿಟ್ಟರೆ ನೆಲದ ಸ್ಕ್ರೂ ತೂತುಗಳಿಂದ ನೀರಿಳಿದು ಕೆಳಗೇ ನಿಲ್ಲುತ್ತದೆ. ವರ್ಷಗಟ್ಟಲೆ ನೀರಲ್ಲಿ ಕೂತ ಫೋಮ್ ಅದನ್ನು ಹೀರುತ್ತದೆ. ಬಿಸಿಲಿಗಿಟ್ಟರೆ ಒಣಗುತ್ತದೆ ಅನ್ನುವವರಿದ್ದಾರೆ. ಸುಮ್ನೆ ಮಾತು. ಆ ಸಣ್ಣ ಗುಳ್ಳೆಗಳೊಳಗೆ ಹೋದ ನೀರು ಸುಲಭಕ್ಕೆ ಹೊರಬರುವುದಿಲ್ಲ, ಕತ್ತರಿಸಿ ತೆಗೆಯಬೇಕು.

ಫೋಮ್ ನೋಡಲು ಮೇಲ್ಗಡೆ ತೂತು ಕೊರೆದು "ಒಣಗಿದೆ" ಅಂತ ತೋರಿಸುತ್ತಾರೆ. ಮೇಲ್ಗಡೆ ಒಣಗೇ ಇರುತ್ತದೆ! ಹಿಂಬದಿಯಲ್ಲಿ, ತೀರಾ ತಗ್ಗಿನ ಜಾಗದಲ್ಲಿ ತುಂಡು ತೆಗೆಸಿ ಹಿಂಡಿ. ಕೊರೆಯಲು ಮಾಲೀಕರು ಬಿಡದಿದ್ದರೆ? ತೂಕ ಹಾಕಿಸಿ. ಎರಡನೇ ಸಲ ಹೇಳಿದೆ. ಮೂರನೆಯದೋ? ಇರಲಿ.

ಇನ್ನು ತಳದ ಪೆಟ್ಟು. ನಮ್ಮ ಲಿಂಗನಮಕ್ಕಿ ಜಲಾಶಯ ಸಮುದ್ರಮಟ್ಟದಿಂದ 1819 ಅಡಿವರೆಗೆ, ಅಂದರೆ ಪೂರ್ತಿ, ತುಂಬಿದಾಗ ಏನೂ ಕಾಣುವುದಿಲ್ಲ. ನೀರಿಳಿಯುತ್ತಾ ಬಂದ ಹಾಗೆ ಮುಳುಗಿದ ಕಾಡಿನ ಒಣ ಬೊಡ್ಡೆಗಳು ನೀರಿನ ಮಟ್ಟಕ್ಕೆ ಬರುತ್ತವೆ, ಅವು ತಳಕ್ಕೆ ಗುದ್ದುತ್ತವೆ. ಹೊರಗೆ ಜೇಡರ ಬಲೆಯಂಥ ಸಣ್ಣ ಬಿರುಕು ಕಂಡರೆ ಒಳಗಡೆಯೂ ಅದೇ ಜಾಗ ನೋಡಿ. ಹೊರಗೆ ಕೂದಲೆಳೆಯಷ್ಟಿದ್ದದ್ದು ಒಳಗೆ ಬಿಳಿಚಿಕೊಂಡು ನಾರು ಬಿಟ್ಟಿರಬಹುದು. ಆಮೇಲೆ ಹಲಸಿನಕಾಯಿ ತಟ್ಟುವ ಹಾಗೆ ನಾಣ್ಯದಿಂದ ತಳ ತಟ್ಟುತ್ತಾ ಹೋಗಿ. ಗಟ್ಟಿ ಇದ್ದರೆ ಟಣ್ ಟಣ್. ಪದರ ಬಿಟ್ಟಿದ್ದರೆ ದಪ್. ಒಳಗೆ ಫೋಮ್ ಇರುವ ಕಡೆಯೂ ಸದ್ದು ಬದಲಾಗುತ್ತದೆ. ಹಾಗಾಗಿ ಎಡಕ್ಕೆ ತಟ್ಟಿದ ಜಾಗವನ್ನೇ ಬಲಕ್ಕೂ ತಟ್ಟಿ ಹೋಲಿಸಿ.

ಹಾಂ, ಚೀಟಿ ಬಂತು. ಐದು ನಿಮಿಷವಂತೆ. ಊಟದ ವಾಸನೆಯೂ ಬರುತ್ತಿದೆ, ನಿಮ್ಮ ಕಿವಿ ಈ ಕಡೆ ಇಲ್ಲ.

ಇಂಜಿನ್ ಕೂರುವ ಹಿಂಬದಿ ಹಲಗೆ. ಹಳೇ ದೋಣಿಗಳಲ್ಲಿ ಫೈಬರ್ ಒಳಗೆ ಪ್ಲೈವುಡ್ಡೇ ಜಾಸ್ತಿ. ಇಂಜಿನ್ ಹಿಡಿದು ಒತ್ತಿ, ಹಲಗೆ ಬಾಗಿದರೆ ಒಳಗೆ ಕೊಳೆತಿದೆ. ಅದರ ರಿಪೇರಿ ಬೇರೆಯದೇ ಕಥೆ, ಬಿಡಿ. ಹಳೇ ಫೋಮ್ ತೆಗೆದ ಖಾಲಿ ಜಾಗಕ್ಕೆ ಥರ್ಮಾಕೋಲ್ ತುಂಬಲು ಮಾತ್ರ ಹೋಗಬೇಡಿ, ಪೆಟ್ರೋಲ್ ತಾಗಿದರೆ ಕರಗುತ್ತದೆ.

ನನ್ನ ನೀಲಿ ದೋಣಿ ಹೊರಗೆ ಪಿಕಪ್ ಮೇಲಿದೆ. ಫೋಮ್ ಹೊಸದು. ತಳದಲ್ಲಿ ಒಂದು ಕಡೆ ಇನ್ನೂ ದಪ್ ಅನ್ನುತ್ತದೆ. ಎಲ್ಲಿ ಅಂತ ಹೇಳುವುದಿಲ್ಲ, ಊಟ ಮುಗಿಸಿ ಒಂದೊಂದು ನಾಣ್ಯ ಹಿಡಿದು ಬನ್ನಿ.